ಹಳೆಯ ಸುಮೋ ಗಾಡಿಯ ಆರೈಕೆ

ದೀಪಾವಳಿಯೋ ಊರ ಜಾತ್ರೆಯೋ ಹತ್ತಿರ ಬಂತೆಂದರೆ ವಾಚನಾಲಯದಲ್ಲಿ ಪತ್ರಿಕೆ ಓದುವುದಕ್ಕಿಂತ ಊರಿಗೆ ಹೋಗುವ ಮಾತೇ ಹೆಚ್ಚು. ರೈಲಿನಲ್ಲಿ ಜಾಗ ಸಿಕ್ಕಿತೇ, ಖಾಸಗಿ ಬಸ್ಸಿನವರು ಈ ಸಲ ಎಷ್ಟು ಕೇಳುತ್ತಿದ್ದಾರೆ ಎಂಬ ವಿಚಾರಣೆಯ ನಡುವೆ ಈಚೆಗೆ ಇನ್ನೊಂದು ಪ್ರಶ್ನೆಯೂ ಕೇಳಿಬರುತ್ತದೆ. “ನಮ್ಮ ಭಾವ ಒಂದು ಹಳೇ ಸುಮೋ ತಗೊಂಡಾನ್ರೀ. ಎಂಟು ಮಂದಿ ಅದರಾಗ ಊರಿಗೆ ಹೋಗಬೇಕಂತ ಮಾಡೀವಿ. ಹೋಗಬಹುದೇನ್ರಿ?”

ಹೋಗಬಹುದು. ಆದರೆ ಭಾವನವರು ಗಾಡಿ ಕೊಂಡ ಮೇಲೆ ಮೊದಲು ಏನು ಮಾಡಿಸಿದರು ಎಂದು ಕೇಳಿದರೆ, ಹೊಸ ಸೀಟು ಹೊದಿಕೆ, ಹಾಡಿನ ಪೆಟ್ಟಿಗೆ, ಮುಂದೆ ದಪ್ಪ ಕಬ್ಬಿಣದ ಗಾರ್ಡು ಎಂಬ ಉತ್ತರ ಬರುತ್ತದೆ. ಹಣ ಖರ್ಚಾಗಿದೆ, ಗಾಡಿ ಹಳೆಯದಾಗಿಯೇ ಉಳಿದಿದೆ. ಹಳೆಯ ಗಾಡಿಯ ಮೇಲೆ ಹಾಕುವ ಹಣ ಮೊದಲು ಅದನ್ನು ನಿಲ್ಲಿಸುವ ಅಂಗಗಳಿಗೆ ಹೋಗಬೇಕು, ಆಮೇಲೆ ಅದನ್ನು ತಂಪಾಗಿಡುವ, ದಾರಿ ಕಾಣಿಸುವ ಅಂಗಗಳಿಗೆ, ಶೃಂಗಾರ ಕೊನೆಗೆ. ಇದರಲ್ಲಿ ಬಹುಪಾಲು ಕೆಲಸವನ್ನು ರವಿವಾರದ ಬಿಡುವಿನಲ್ಲಿ ನಾವೇ ಮಾಡಿಕೊಳ್ಳಬಹುದು. ಅದನ್ನೇ ಇಲ್ಲಿ ಹೇಳಹೊರಟಿದ್ದೇನೆ.

ಸುಮೋ ಗಾಡಿಯ ವಿಷಯ ಒಂದು ಮಾತು. ಟಾಟಾ ಕಂಪನಿಯವರು ಇದನ್ನು 1994ರಲ್ಲಿ ಹೊರತಂದರು. ಜಪಾನಿನ ದಢೂತಿ ಪೈಲವಾನರ ಹೆಸರನ್ನು ಇದಕ್ಕಿಟ್ಟಿದ್ದಾರೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ, ಆ ಕಂಪನಿಯನ್ನು ಬಹುಕಾಲ ನಡೆಸಿ ಪುಣೆಯ ಕಾರ್ಖಾನೆಯನ್ನು ಕಟ್ಟಿದ ಸುಮಂತ ಮೂಳಗಾಂವಕರ ಅವರ ಹೆಸರಿನ ಮತ್ತು ಅಡ್ಡಹೆಸರಿನ ಮೊದಲಕ್ಷರಗಳನ್ನು ಕೂಡಿಸಿದ ಹೆಸರು ಅದು. ಮೊದಲಿಗೆ ಎರಡು ಲೀಟರಿನ ಡೀಸೆಲ್ ಯಂತ್ರ, ಆಮೇಲೆ ಕೆಲವಕ್ಕೆ ಮೂರು ಲೀಟರಿನದು. 2004ರಲ್ಲಿ ವಿಕ್ಟಾ, 2011ರಲ್ಲಿ ಗೋಲ್ಡ್ ಬಂದವು. 2019ರಲ್ಲಿ ತಯಾರಿಕೆ ನಿಂತಿತು. ಹೀಗಾಗಿ ಇಂದು ಕೈಗೆ ಬರುವ ಸುಮೋ ಯಾವುದಾದರೂ ಹಳೆಯದೇ. ಆದರೆ ಲಾರಿಯಂತೆ ಪ್ರತ್ಯೇಕ ಉಕ್ಕಿನ ಚಾಸಿಯ ಮೇಲೆ ಕೂತ ಗಾಡಿಯಾದ್ದರಿಂದ ಬಾಳಿಕೆ ಹೆಚ್ಚು, ಹಳೆಯ ಮಾದರಿಗಳಲ್ಲಿ ವಿದ್ಯುತ್ತಿನ ಸೂಕ್ಷ್ಮ ಉಪಕರಣಗಳು ಕಡಿಮೆ. ಪಾನಾ ಹಿಡಿಯಬಲ್ಲವನಿಗೆ ಕೈಗೆಟುಕುವ ಗಾಡಿ. ಬೊಲೆರೋ, ಕ್ವಾಲಿಸ್ ಇರುವವರಿಗೂ ಮುಂದಿನ ಮಾತುಗಳಲ್ಲಿ ಹೆಚ್ಚಿನವು ಅನ್ವಯಿಸುತ್ತವೆ.

ಬ್ರೇಕಿನ ಪಾಠ ನಾನು ಕಲಿತದ್ದು 2016ರಲ್ಲಿ, ಖಂಬಾಟಕಿ ಘಾಟಿನಲ್ಲಿ. ಪುಣೆಯಿಂದ ಸತಾರಾ ಕಡೆಗೆ ಹೋಗುವ ಗಾಡಿಗಳು ಆಗ ಆ ಘಾಟನ್ನು ಹತ್ತಿ ಇಳಿಯಬೇಕಾಗಿತ್ತು. ಒಳಗೆ ಮಕ್ಕಳು ಸೇರಿ ಒಂಬತ್ತು ಜನ, ಮೇಲಿನ ಕ್ಯಾರಿಯರಿನಲ್ಲಿ ಹಾಸಿಗೆ, ಟ್ರಂಕು, ತಂಗಿಯ ಮನೆಗೆಂದು ಕೊಂಡ ಒಂದು ಹಿಟ್ಟಿನ ಯಂತ್ರ. ಮುಂದೆ ಲಾರಿಗಳ ಸಾಲು ಇದ್ದುದರಿಂದ ಇಳಿಜಾರಿನುದ್ದಕ್ಕೂ ಬ್ರೇಕಿನ ಮೇಲೆ ಕಾಲಿಟ್ಟೇ ಇಳಿಯುತ್ತಿದ್ದೆ. ಅರ್ಧ ದಾರಿಯಲ್ಲಿ ಪೆಡಲು ಹಿಟ್ಟಿನ ಮುದ್ದೆಯಂತೆ ಮೆತ್ತಗಾಗಿ ಕೆಳಗೆ ಹೋಯಿತು. ಮೂರು ನಾಲ್ಕು ಬಾರಿ ಬಡಿದು ಒತ್ತಿದಾಗ ಸ್ವಲ್ಪ ಹಿಡಿಯಿತು; ಎರಡನೆಯ ಗೇರಿಗೆ ಇಳಿಸಿ, ಕೈಬ್ರೇಕನ್ನು ಮೆಲ್ಲಗೆ ಎಳೆಯುತ್ತ, ಎಡಬದಿಯ ಜಲ್ಲಿಯ ರಾಶಿಗೆ ತಾಗಿಸಿ ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿದ್ದ ನನ್ನ ತಾಯಿಗೆ ಏನೂ ತಿಳಿಯಲಿಲ್ಲ. “ಚಹಕ್ಕ ನಿಲ್ಲಿಸಿದೇನಪ್ಪಾ?” ಎಂದು ಕೇಳಿದರು.

ಒಂದು ಗಂಟೆ ಕಳೆದು ತಣ್ಣಗಾದ ಮೇಲೆ ಬ್ರೇಕು ಮೊದಲಿನಂತೆ ಗಟ್ಟಿಯಾಯಿತು. ಮೋಸವಿರುವುದು ಇಲ್ಲಿಯೇ. ತಣ್ಣಗಿರುವಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಊರು ಮುಟ್ಟಿ ಡಬ್ಬಿಯ ಮುಚ್ಚಳ ತೆಗೆದು ನೋಡಿದರೆ ಒಳಗಿನ ದ್ರವ ಕಷಾಯದಂತೆ ಕಪ್ಪಾಗಿತ್ತು. ಗಾಡಿ ಕೊಂಡ ದಿನದಿಂದ ನಾನು ಅದನ್ನು ಬದಲಿಸಿಯೇ ಇರಲಿಲ್ಲ. ನನಗಿಂತ ಮೊದಲಿನವನೂ ಬದಲಿಸಿದಂತೆ ತೋರಲಿಲ್ಲ.

ಕಾರಣ ಹೀಗೆ. ನಾವು ಪೆಡಲು ಒತ್ತಿದಾಗ ಆ ಒತ್ತಡ ಕೊಳವೆಯಲ್ಲಿರುವ ದ್ರವದ ಮೂಲಕ ಚಕ್ರಗಳಿಗೆ ಮುಟ್ಟುತ್ತದೆ. ದ್ರವ ಕುಗ್ಗುವುದಿಲ್ಲ, ಆದ್ದರಿಂದ ಒತ್ತಡ ಪೂರ್ತಿ ಮುಟ್ಟುತ್ತದೆ. ಆದರೆ ಈ ದ್ರವಕ್ಕೆ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಗುಣವಿದೆ. ಡಾಟ್ 3 ಎಂಬ ದ್ರವ ಹೊಸದಾಗಿದ್ದಾಗ ಕುದಿಯಬೇಕಾದರೆ ಕನಿಷ್ಠ 205 ಡಿಗ್ರಿ ಬಿಸಿ ಬೇಕು. ನೀರು ಹೀರಿದ ಮೇಲೆ ಅದು 140 ಡಿಗ್ರಿಯವರೆಗೂ ಇಳಿಯಬಹುದು. ಡಾಟ್ 4 ದ್ರವಕ್ಕೆ ಈ ಅಂಕೆಗಳು 230 ಮತ್ತು 155. ಘಾಟಿನಲ್ಲಿ ಸತತವಾಗಿ ಬ್ರೇಕು ಒತ್ತಿದಾಗ ಚಕ್ರದ ಬಳಿಯ ದ್ರವ ಆ ಬಿಸಿಯನ್ನು ಮುಟ್ಟಿ ಕುದಿಯುತ್ತದೆ, ಆವಿಯ ಗುಳ್ಳೆ ಏಳುತ್ತದೆ. ಆವಿ ಕುಗ್ಗುತ್ತದೆ, ನಮ್ಮ ಕಾಲಿನ ಬಲವೆಲ್ಲ ಗುಳ್ಳೆಯನ್ನು ಅಮುಕುವುದರಲ್ಲೇ ಕಳೆದುಹೋಗುತ್ತದೆ. ಮುಂಬಯಿ, ಮಂಗಳೂರು, ಮದರಾಸಿನಂಥ ತೇವದ ಊರುಗಳಲ್ಲಿ ನೀರು ಬೇಗ ಸೇರುತ್ತದೆ. ಗಾಡಿ ಓಡಲಿ, ನಿಂತಿರಲಿ, ಎರಡು ವರ್ಷಕ್ಕೊಮ್ಮೆ ಈ ದ್ರವವನ್ನು ಬದಲಿಸತಕ್ಕದ್ದು. ಅರ್ಧ ಲೀಟರಿನ ಡಬ್ಬಿಯ ಬೆಲೆ ಹೋಟೆಲಿನಲ್ಲಿ ಇಬ್ಬರು ಉಂಡ ಖರ್ಚಿಗಿಂತ ಹೆಚ್ಚೇನಲ್ಲ. ಪೂರ್ತಿ ಬದಲಿಸಲು ಎರಡು ಡಬ್ಬಿ ಇಟ್ಟುಕೊಳ್ಳಿ.

ಮಾಡುವ ಕ್ರಮಕ್ಕೆ ಇಬ್ಬರು ಬೇಕು. ಡಬ್ಬಿಯ ಮುಚ್ಚಳದ ಮೇಲೆ ಯಾವ ದ್ರವವೆಂದು ಬರೆದಿರುತ್ತದೋ ಅದನ್ನೇ ಮೊಹರು ಒಡೆಯದ ಡಬ್ಬಿಯಲ್ಲಿ ತನ್ನಿ. ಮೇಲಿನ ಡಬ್ಬಿಯಲ್ಲಿರುವ ಕಪ್ಪು ದ್ರವವನ್ನು ಸಿರಿಂಜಿನಿಂದ ಹೀರಿ ತೆಗೆದು ಹೊಸದನ್ನು ತುಂಬಿ. ಆಮೇಲೆ ಡಬ್ಬಿಯಿಂದ ಅತಿ ದೂರದ ಚಕ್ರದಿಂದ, ಎಂದರೆ ಹಿಂದಿನ ಎಡಚಕ್ರದಿಂದ ಆರಂಭಿಸಿ. ಪ್ರತಿ ಚಕ್ರದ ಒಳಬದಿಯಲ್ಲಿ ಗಾಳಿ ತೆಗೆಯುವ ಸಣ್ಣ ನಿಪ್ಪಲ್ ಇರುತ್ತದೆ. ಅದಕ್ಕೆ ಪಾರದರ್ಶಕ ನಳಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಹೊಸ ದ್ರವವಿರುವ ಬಾಟಲಿಯಲ್ಲಿ ಮುಳುಗಿಸಿ. ಒಳಗೆ ಕೂತವರು ಪೆಡಲು ಒತ್ತಿ ಹಿಡಿಯಬೇಕು. ಆಗ ನೀವು ನಿಪ್ಪಲನ್ನು ಸಡಿಲಿಸಿ ದ್ರವ ಹೊರಬಂದೊಡನೆ ಮತ್ತೆ ಬಿಗಿಮಾಡಬೇಕು. ಬಿಗಿಯಾದ ಮೇಲೆಯೇ ಅವರು ಕಾಲು ತೆಗೆಯಬೇಕು. ನಮ್ಮ ಮನೆಯಲ್ಲಿ ಈ ಕೆಲಸಕ್ಕೆ ಹೆಂಡತಿ ಕೂತುಕೊಳ್ಳುತ್ತಾಳೆ. ನಾನು “ಒತ್ತು” ಎಂದರೆ ಅವಳು ಒತ್ತಿ “ಹಿಡಿದೀನಿ” ಎನ್ನಬೇಕು, ನಾನು “ಬಿಡು” ಎನ್ನುವವರೆಗೆ ಬಿಡಬಾರದು. ಮಾತು ತಪ್ಪಿದರೆ ಗಾಳಿ ಒಳಗೆ ಹೋಗಿ ಮೊದಲಿನಿಂದ ಮಾಡಬೇಕಾಗುತ್ತದೆ. ಆಗ ಯಾರ ತಪ್ಪು ಎಂಬ ಚರ್ಚೆ ಊಟದವರೆಗೆ ಸಾಗುತ್ತದೆ. ಶುಭ್ರ ದ್ರವ ಗುಳ್ಳೆಯಿಲ್ಲದೆ ಬರುವ ತನಕ ಮಾಡಿ, ಬಲ ಹಿಂಚಕ್ರ, ಎಡ ಮುಂಚಕ್ರ, ಬಲ ಮುಂಚಕ್ರ ಎಂದು ಮುಂದುವರಿಯಿರಿ. ನಡುವೆ ಮೇಲಿನ ಡಬ್ಬಿ ಬರಿದಾಗಗೊಡಬಾರದು. ಚೆಲ್ಲಿದ ದ್ರವ ಬಣ್ಣವನ್ನು ತಿನ್ನುತ್ತದೆ, ಕೂಡಲೆ ನೀರು ಹಾಕಿ ತೊಳೆಯಿರಿ.

ಮುಗಿದ ಮೇಲೆ ಪೆಡಲು ಕಲ್ಲಿನಂತೆ ನಿಲ್ಲಬೇಕು. ಒಂದೇ ಸಮನೆ ಒತ್ತಿ ಹಿಡಿದಾಗ ಮೆಲ್ಲಮೆಲ್ಲಗೆ ಕೆಳಗಿಳಿದರೆ ಒಳಗಿನ ರಬ್ಬರು ಸವೆದಿದೆ ಅಥವಾ ಎಲ್ಲೋ ಸೋರುತ್ತಿದೆ. ಅದು ಮೇಸ್ತ್ರಿಯ ಕೆಲಸ, ಆ ಗಾಡಿ ಅಂದು ರಸ್ತೆಗಿಳಿಯಬಾರದು. ಹಿಂದಿನ ಚಕ್ರದ ಒಳಮೈಯಲ್ಲಿ ಎಣ್ಣೆಯ ಜಿಡ್ಡು ಕಂಡರೂ ಹಾಗೆಯೇ. ಆಕ್ಸಲ್ಲಿನ ಎಣ್ಣೆ ಬ್ರೇಕಿನ ಲೈನರಿಗೆ ತಾಗಿದರೆ ಆ ಚಕ್ರ ಹಿಡಿಯುವುದಿಲ್ಲ.

ಇದರ ಜೊತೆಗೆ ಇನ್ನೊಂದು ಪರೀಕ್ಷೆ, ಬಿಡಿಕಾಸಿನ ಖರ್ಚಿಲ್ಲದ್ದು. ಯಂತ್ರ ನಿಲ್ಲಿಸಿ ಪೆಡಲನ್ನು ಐದಾರು ಸಲ ಒತ್ತಿ ಗಟ್ಟಿಮಾಡಿ. ಹಾಗೆಯೇ ಒತ್ತಿ ಹಿಡಿದು ಯಂತ್ರ ಚಾಲೂ ಮಾಡಿ. ಪೆಡಲು ಸ್ವಲ್ಪ ಕೆಳಗೆ ಜಾರಬೇಕು. ಜಾರದಿದ್ದರೆ ಕಾಲಿನ ಬಲಕ್ಕೆ ನೆರವಾಗುವ ನಿರ್ವಾತದ ಉಪಕರಣ ಕೆಲಸ ಮಾಡುತ್ತಿಲ್ಲವೆಂದು ತಿಳಿಯಿರಿ. ಆ ನಿರ್ವಾತವನ್ನು ಉಂಟುಮಾಡುವುದು ಓಡುತ್ತಿರುವ ಯಂತ್ರ. ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ಯಂತ್ರ ಬಂದ್ ಮಾಡಿ ನ್ಯೂಟ್ರಲಿನಲ್ಲಿ ಗಾಡಿ ಬಿಡುವ ಚಾಳಿ ನಮ್ಮಲ್ಲಿ ಕೆಲವರಿಗಿದೆ. ಎರಡು ಮೂರು ಸಲ ಒತ್ತುವಷ್ಟರಲ್ಲಿ ಉಳಿದ ನಿರ್ವಾತ ತೀರುತ್ತದೆ, ನಾಲ್ಕನೆಯ ಸಲಕ್ಕೆ ಪೆಡಲು ಗೋಡೆಯಂತಾಗುತ್ತದೆ. ಉಳಿಯುವ ಡೀಸೆಲ್ ಒಂದು ಕಪ್ಪು ಚಹದ ಬೆಲೆಯದು. ಘಾಟು ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯುವುದು ಹಳೆಯ ಡ್ರೈವರರ ನಿಯಮ. ಈಗಲೂ ಅದೇ ಸರಿ.

ಇನ್ನು ತಂಪಿನ ವಿಷಯ. ರೇಡಿಯೇಟರಿಗೆ ಬೋರಿನ ನೀರು ಹೊಯ್ಯುವುದು ನಮ್ಮ ದೊಡ್ಡ ತಪ್ಪು. ಆ ನೀರಿನ ಸುಣ್ಣ ಒಳಗಿನ ಸಣ್ಣ ಕೊಳವೆಗಳಲ್ಲಿ ಕಟ್ಟುತ್ತದೆ, ಚಹದ ಪಾತ್ರೆಯಲ್ಲಿ ಕಟ್ಟುವಂತೆಯೇ. ಕೂಲೆಂಟನ್ನು ಬ್ಯಾಟರಿಗೆ ಹಾಕುವ ಶುದ್ಧ ನೀರಿನೊಡನೆ ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಬೆರೆಸಿ ಹಾಕಬೇಕು. ರೇಡಿಯೇಟರಿನ ಮುಚ್ಚಳ ಬರೀ ಮುಚ್ಚಳವಲ್ಲ. ಅದು ಒಳಗೆ ಒತ್ತಡವನ್ನು ಹಿಡಿದಿಡುವುದರಿಂದ ನೀರು 100 ಡಿಗ್ರಿಗೆ ಕುದಿಯದೆ ಸುಮಾರು 120ರವರೆಗೆ ತಾಳುತ್ತದೆ. ಅದರ ರಬ್ಬರು ಬಿರಿದಿದ್ದರೆ ಒಳ್ಳೆಯ ಯಂತ್ರವೂ ಘಾಟಿನಲ್ಲಿ ಕುದಿಯುತ್ತದೆ. ಹೊಸ ಮುಚ್ಚಳ ಹಾಕಿ. ಅಷ್ಟರಲ್ಲೇ ಎಷ್ಟೋ ಗಾಡಿಗಳ ‘ಹೀಟಿಂಗ್ ರೋಗ’ ವಾಸಿಯಾದದ್ದುಂಟು. ಬಿಸಿ ಇರುವಾಗ ಮುಚ್ಚಳ ತೆಗೆಯಕೂಡದು, ಮುಖ ಬೆಂದೀತು. ರಬ್ಬರಿನ ನಳಿಗೆಗಳನ್ನು ತಣ್ಣಗಿದ್ದಾಗ ಹಿಸುಕಿ ನೋಡಿ. ಚಕ್ಕುಲಿಯಂತೆ ಚರಚರ ಎಂದರೆ ಅಥವಾ ಬಾಳೆಹಣ್ಣಿನಂತೆ ಮೆತ್ತಗಿದ್ದರೆ ಬದಲಿಸಿ. ಥರ್ಮೋಸ್ಟಾಟು ಎಂಬ ಕವಾಟವನ್ನು ಕಿತ್ತೆಸೆದರೆ ಗಾಡಿ ತಂಪಾಗಿರುತ್ತದೆಂದು ಕೆಲವು ಗ್ಯಾರೇಜಿನವರು ಹೇಳುತ್ತಾರೆ. ಒಪ್ಪಬೇಡಿ. ಯಂತ್ರ ಬೇಕಾದಷ್ಟು ಬಿಸಿಗೆ ಬಾರದೆ ಡೀಸೆಲ್ ಹೆಚ್ಚು ತಿನ್ನುತ್ತದೆ, ಒಳಗೆ ಬೇಗ ಸವೆಯುತ್ತದೆ.

ಒಂದು ನಿಜವಾದ ಸುಧಾರಣೆ, ನಾನು ಎಲ್ಲರಿಗೂ ಮಾಡಿಸಿಕೊಳ್ಳಿರೆಂದು ಹೇಳುವುದು, ಮುಂದಿನ ದೀಪಗಳದ್ದು. ನಮ್ಮವರು ಕಚೇರಿ ಮುಗಿಸಿ ಸಂಜೆ ಹೊರಟು ರಾತ್ರಿಯಿಡೀ ಓಡಿಸುವವರು. ಹಳೆಯ ಗಾಡಿಯ ದೀಪ ಹಳದಿಯಾಗಿ ಮಿಣುಕುತ್ತದೆ. ತಪ್ಪು ಬಲ್ಬಿನದೆಂದು ತಿಳಿದು 100 ವಾಟಿನದನ್ನು ತಂದು ಹಾಕುತ್ತಾರೆ. ತಪ್ಪು ಬಹುತೇಕ ತಂತಿಯದು. ಬ್ಯಾಟರಿಯಿಂದ ಹೊರಟ ವಿದ್ಯುತ್ತು ಇಪ್ಪತ್ತು ವರ್ಷದ ಸಣ್ಣ ತಂತಿಯಲ್ಲಿ, ಸವೆದ ಸ್ವಿಚ್ಚಿನಲ್ಲಿ ಸುತ್ತಿ ಬರುವಷ್ಟರಲ್ಲಿ ಒಂದೆರಡು ವೋಲ್ಟು ಸೋರಿಹೋಗಿರುತ್ತದೆ. ವೋಲ್ಟೇಜು ಹತ್ತರಲ್ಲೊಂದು ಪಾಲು ಇಳಿದರೆ ಬೆಳಕು ಸುಮಾರು ಮೂರರಲ್ಲೊಂದು ಪಾಲು ಇಳಿಯುತ್ತದೆ. ಇಂಥ ತಂತಿಗೆ 100 ವಾಟಿನ ಎರಡು ಬಲ್ಬು ಸೇರಿಸಿದರೆ ಹದಿನಾರು ಆಂಪಿಯರಿಗೂ ಮೀರಿ ಎಳೆದು ಸ್ವಿಚ್ಚು ಕರಗುತ್ತದೆ, ಎದುರಿನವನ ಕಣ್ಣು ಕುಕ್ಕುತ್ತದೆ, ಕಾನೂನೂ ಒಪ್ಪುವುದಿಲ್ಲ.

ಸರಿಯಾದ ಉಪಾಯವೆಂದರೆ ರಿಲೇ ಹಾಕುವುದು. ಬ್ಯಾಟರಿಯ ಧನಧ್ರುವದಿಂದ 2.5 ಚದರ ಮಿ.ಮೀ.ನ ದಪ್ಪ ತಂತಿಯನ್ನು ಫ್ಯೂಸಿನ ಮೂಲಕ ರಿಲೇಯ 30 ಎಂದು ಗುರುತಿರುವ ಕಾಲಿಗೆ ತನ್ನಿ. 87ನೆಯ ಕಾಲಿನಿಂದ ನೇರವಾಗಿ ಬಲ್ಬಿಗೆ ಕೊಡಿ. ಮೊದಲು ಬಲ್ಬಿಗೆ ಬರುತ್ತಿದ್ದ ಹಳೆಯ ತಂತಿ 86ಕ್ಕೆ, 85 ಚಾಸಿಗೆ. ಈಗ ಹಳೆಯ ಸ್ವಿಚ್ಚು ರಿಲೇಯನ್ನು ಎಬ್ಬಿಸುವ ಕೆಲಸ ಮಾತ್ರ ಮಾಡುತ್ತದೆ, ಹೊರೆ ದಪ್ಪ ತಂತಿಯದು. ಡಿಪ್ಪಿಗೆ ಒಂದು, ಪೂರ್ಣ ಬೆಳಕಿಗೆ ಒಂದು, ಹೀಗೆ ಎರಡು ರಿಲೇ. ಪ್ರತಿಯೊಂದಕ್ಕೆ 15 ಆಂಪಿಯರಿನ ಫ್ಯೂಸು, ಅದು ಬ್ಯಾಟರಿಯಿಂದ ಗೇಣುದ್ದದೊಳಗೇ ಇರಬೇಕು. ಬಲ್ಬು ಮೂಲದ 60/55 ವಾಟಿನದೇ ಸಾಕು. ಕೆಲವು ಗಾಡಿಗಳಲ್ಲಿ ಸ್ವಿಚ್ಚು ಚಾಸಿಯ ಕಡೆಯ ತಂತಿಯನ್ನು ಕೂಡಿಸಿ ಬಿಡಿಸುವುದುಂಟು; ಆದ್ದರಿಂದ ಟೆಸ್ಟ್ ಲ್ಯಾಂಪು ಹಿಡಿದು ಯಾವ ತಂತಿಯಲ್ಲಿ ವಿದ್ಯುತ್ತು ಬರುತ್ತದೆಂದು ನೋಡಿಯೇ ಕೈ ಹಾಕಬೇಕು. ಕೆಲಸಕ್ಕೆ ಮೊದಲು ಬ್ಯಾಟರಿಯ ಋಣಧ್ರುವ ಬಿಚ್ಚುವುದನ್ನು ಮರೆಯಬೇಡಿ. ವಿದ್ಯುತ್ತಿನ ಕೆಲಸ ಬಾರದವರು ಸಾಮಾನು ತಂದುಕೊಟ್ಟು ಮೇಸ್ತ್ರಿಯಿಂದ ಮಾಡಿಸಲಿ. ಹಿಂದೆ ಭಾರ ತುಂಬಿದಾಗ ಗಾಡಿಯ ಮೂಗು ಮೇಲೇಳುತ್ತದೆ. ಆದುದರಿಂದ ಸಾಮಾನು ಹೇರಿದ ಮೇಲೆ ಗೋಡೆಯೆದುರು ನಿಲ್ಲಿಸಿ ಬೆಳಕನ್ನು ತಗ್ಗಿಸಿಕೊಳ್ಳಿ.

ಟಾಯರು ಕೊಳ್ಳುವಾಗ ಗೆರೆ ಮಾತ್ರ ನೋಡಿದರೆ ಸಾಲದು. ಪಕ್ಕದಲ್ಲಿ ನಾಲ್ಕು ಅಂಕೆಗಳ ಒಂದು ಗುರುತಿದೆ. 3517 ಎಂದಿದ್ದರೆ 2017ರ 35ನೆಯ ವಾರದಲ್ಲಿ ತಯಾರಾದದ್ದು. ಗೆರೆ ಎಷ್ಟೇ ಆಳವಾಗಿರಲಿ, ಪಕ್ಕದಲ್ಲಿ ಬಿರುಕಿನ ಜೇಡರಬಲೆ ಕಂಡರೆ ಬೇಸಗೆಯ ಹೆದ್ದಾರಿಗೆ ಅದು ಯೋಗ್ಯವಲ್ಲ. ಗೆರೆಯ ಆಳ 1.6 ಮಿ.ಮೀ.ಗಿಂತ ಕಡಿಮೆಯಾಗಬಾರದು. ಸ್ಟೆಪನಿಯ ಗಾಳಿಯನ್ನೂ ನೋಡಿ. ನೋಟಕ್ಕೆ ಚೆಂದವೆಂದು ದೊಡ್ಡ ಟಾಯರು ಹಾಕಿಸುವವರಿದ್ದಾರೆ. ವೇಗದ ಮುಳ್ಳು ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಬ್ರೇಕಿನ ಮೇಲೆ ಹೊರೆ ಬೀಳುತ್ತದೆ, ಗಾಡಿ ಎತ್ತರವಾಗಿ ತಿರುವಿನಲ್ಲಿ ಮಗುಚುವ ಭಯ ಹೆಚ್ಚುತ್ತದೆ.

ಗಾಡಿಯ ಕೆಳಗೆ ಹೋಗುವ ಮೊದಲು ಒಂದು ಎಚ್ಚರಿಕೆ. ಜಾಕಿನ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ತಲೆ ಹಾಕಬಾರದು. ಇಟ್ಟಿಗೆಯೂ ಬೇಡ, ಅದು ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತದೆ. ಸಮನೆಲದ ಮೇಲೆ ನಿಲ್ಲಿಸಿ, ಉಳಿದ ಚಕ್ರಗಳಿಗೆ ಹಿಂದೆಮುಂದೆ ಕಟ್ಟಿಗೆಯ ತುಂಡು ಕೊಟ್ಟು, ಚಾಸಿಯ ಕೆಳಗೆ ಉಕ್ಕಿನ ಜಾಕ್ ಸ್ಟ್ಯಾಂಡು ಇಟ್ಟ ಮೇಲೆಯೇ ಹೋಗಬೇಕು.

ಕೆಳಗೆ ಹೋದಾಗ ಗ್ರೀಸ್ ಗನ್ ಕೈಯಲ್ಲಿರಲಿ. ಹಿಂಚಕ್ರಗಳಿಗೆ ಬಲ ಒಯ್ಯುವ ಉದ್ದ ಶಾಫ್ಟಿನ ಕೀಲುಗಳಲ್ಲಿ ಗ್ರೀಸಿನ ನಿಪ್ಪಲ್ ಇದ್ದರೆ ಒರೆಸಿ, ಹೊಸ ಗ್ರೀಸು ಅಂಚಿನಲ್ಲಿ ಇಣುಕುವ ತನಕ ತುಂಬಿ. ಗೇರು ಹಾಕಿ ಬಿಟ್ಟಾಗ ‘ಟಕ್’ ಎನ್ನುವ ಸದ್ದು ಬಹುಸಲ ಈ ಕೀಲಿನದೇ. ಹಿಂದಿನ ಪಟ್ಟಿ ಸ್ಪ್ರಿಂಗುಗಳಲ್ಲಿ ಒಂದು ಪಟ್ಟಿ ಮುರಿದಿದ್ದರೆ ಗಾಡಿ ಒಂದು ಬದಿಗೆ ವಾಲಿ ನಿಲ್ಲುತ್ತದೆ. ಟಾರ್ಚು ಹಿಡಿದು ನೋಡಿ. ಡೀಸೆಲ್ ಫಿಲ್ಟರಿನ ತಳದ ತಿರುಪು ಸಡಿಲಿಸಿ ಕೂತಿರುವ ನೀರನ್ನು ಹೊರಬಿಡಿ, ಮಳೆಗಾಲದಲ್ಲಿ ಇದನ್ನು ಹೆಚ್ಚಾಗಿ ಮಾಡಬೇಕು. ತುಕ್ಕಿನ ವಿಷಯದಲ್ಲಿ ಮುಂಬಯಿಯವರು ಜಾಗರೂಕರಾಗಿರಬೇಕು: ಬಾಗಿಲುಗಳ ತಳದಲ್ಲಿ ನೀರು ಹೋಗುವ ಸಣ್ಣ ತೂತುಗಳು ಮಣ್ಣಿನಿಂದ ಮುಚ್ಚಿದರೆ ಬಾಗಿಲು ಒಳಗಿನಿಂದಲೇ ಕೊಳೆಯುತ್ತದೆ. ಕಡ್ಡಿ ಹಾಕಿ ಬಿಡಿಸಿದರಾಯಿತು. ಚಾಸಿಯಲ್ಲೇ ತೂತು ಬಿದ್ದಿದ್ದರೆ ಆ ಗಾಡಿಗೆ ಇನ್ನು ಹಣ ಹಾಕಬೇಡಿ.

ಮುಂದಿನ ಕಬ್ಬಿಣದ ಗಾರ್ಡಿನ ಮಾತು ಹೇಳಿದೆನಷ್ಟೆ. ಇದು ಕಾನೂನಿಗೆ ವಿರುದ್ಧವೆಂದು ಕೇಂದ್ರ ಸರಕಾರ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ತಿಳಿಸಿತು. ಪಾದಚಾರಿಗೆ ತಾಗಿದರೆ ಅವನ ಕಥೆ ಮುಗಿಯಿತು. ಒಳಗಿದ್ದವರಿಗೂ ಧಕ್ಕೆಯ ಪೆಟ್ಟು ಹೆಚ್ಚು. ಅದನ್ನು ಮಾರಿದ ಹಣದಲ್ಲಿ ಹಿಂದಿನ ಸೀಟಿಗೆ ಒಳ್ಳೆಯ ಬೆಲ್ಟುಗಳನ್ನು ಹಾಕಿಸಿ. ಅಡ್ಡಲಾಗಿ ಎದುರುಬದುರು ಕೂರುವ ಹಿಂದಿನ ಬೆಂಚುಗಳಲ್ಲಿ ಮಕ್ಕಳನ್ನು ಕೂರಿಸದಿರುವುದು ಒಳಿತು.

ಕಾಗದಪತ್ರದ ಮಾತು ಚುಟುಕಾಗಿ ಹೇಳುತ್ತೇನೆ. ಖಾಸಗಿ ಗಾಡಿಯ ನೋಂದಣಿ ಹದಿನೈದು ವರ್ಷದ್ದು. ಆಮೇಲೆ ತಪಾಸಣೆಗೆ ಒಪ್ಪಿಸಿ ಐದೈದು ವರ್ಷಕ್ಕೆ ಮುಂದುವರಿಸಬೇಕು. ದೆಹಲಿಯ ಮಿತ್ರರು ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಕೊಳ್ಳುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸಲೇಬೇಕು. 2015ರಿಂದೀಚೆಗೆ ಅಲ್ಲಿ ಈ ಬಗ್ಗೆ ಆದೇಶಗಳು ಬಂದಿವೆ, ಬದಲಾಗಿಯೂ ಇವೆ. ಮಹಾರಾಷ್ಟ್ರದ ನೋಂದಣಿಯ ಗಾಡಿಯನ್ನು ಊರಿನಲ್ಲೇ ಇಟ್ಟುಕೊಂಡು ಹನ್ನೆರಡು ತಿಂಗಳು ಮೀರಿದರೆ ಕರ್ನಾಟಕದ ಸಂಖ್ಯೆ ಪಡೆಯಬೇಕಾಗುತ್ತದೆ. ಊರವರನ್ನು ಕೂರಿಸಿಕೊಂಡು ತಲೆಗಿಷ್ಟು ಎಂದು ಬಾಡಿಗೆ ವಸೂಲು ಮಾಡುವುದು ಬಿಳಿ ಪಟ್ಟಿಯ ಗಾಡಿಗೆ ಸಲ್ಲದು. ಅಪಘಾತವಾದರೆ ವಿಮೆಯವರು ಮೊದಲು ಕೇಳುವ ಪ್ರಶ್ನೆಯೇ ಅದು.

ಹೊರಡುವ ದಿನ ಡಿಕ್ಕಿಯಲ್ಲಿ ಒಂದು ಫ್ಯಾನ್ ಬೆಲ್ಟು, ನಾಲ್ಕು ಫ್ಯೂಸು, ಒಂದು ಬಲ್ಬು, ಐದು ಲೀಟರು ಶುದ್ಧ ನೀರು, ಜಾಕು ಮತ್ತು ಚಕ್ರದ ಪಾನಾ ಇರಲಿ. ಚಕ್ರಗಳನ್ನು ಬಿಚ್ಚಿ ಕೂಡಿಸಿದ್ದರೆ ಅವುಗಳ ನಟ್ಟುಗಳು ಮೊದಲ ನೂರು ಕಿಲೋಮೀಟರಿನಲ್ಲಿ ಸ್ವಲ್ಪ ಸಡಿಲಾಗುವುದುಂಟು. ಪುಣೆಯಿಂದ ಹೊರಟವರಿಗೆ ಅದು ಸತಾರಾದ ಹತ್ತಿರ ಬರುತ್ತದೆ. ಚಹಕ್ಕೆ ನಿಂತಾಗ, ಚಹ ಬರುವುದರೊಳಗೆ, ಎಲ್ಲ ನಟ್ಟುಗಳನ್ನೂ ಒಂದು ಸುತ್ತು ಬಿಗಿಮಾಡಿ ನೋಡಿ.